ಕೂತ ಕಣ್ಣಿನ ಎತ್ತರ

ಬುಧವಾರ ಮಧ್ಯಾಹ್ನದಿಂದ ಟೇಪಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಎರಡು ಗೆರೆ ಹೊಲಿಯುವಳು, ಏಳುವಳು, ಅಡುಗೆಮನೆ ಬಾಗಿಲ ತನಕ ಹೋಗಿ ಯಾಕೆ ಎದ್ದೆ ಅನ್ನುವುದೇ ಮರೆತು ವಾಪಸು ಬರುವಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಪರದೆಗೆ, ಮೇಲೆ ಬರಬೇಕಾದ ರಿಂಗಿನ ಪಟ್ಟಿಯನ್ನು ಕೆಳಗಡೆ ಅಂಚಿಗೆ ಹೊಲಿದು ಕೂತಿದ್ದಳು. ಸೂಜಿಮೊನೆಯಿಂದ ಆ ಹೊಲಿಗೆ ಬಿಚ್ಚುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿ, ಕೈಯನ್ನ ಇಲ್ಲಿ ಬಿಟ್ಟು ತಲೆಯನ್ನ ಎಲ್ಲಿ ಮೇಯೋಕೆ ಕಳಿಸಿದ್ದೀಯ ಅಂತ ಕೇಳಿದರು.

ತಲೆ ಹೋಗಿದ್ದು ಗೊಂಚಲಕ್ಕನ ಅಂಗಡಿಗೆ.

ಟೇಪಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಮನೆಗೆ ಹೋಗಿ ಕಿಟಕಿ ಅಳೆದು ಪರದೆ ಹೊಲಿದುಕೊಡುವುದು ಅವಳ ಕಸುಬು. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಗೊಂಚಲಕ್ಕ ರಿಯಲ್ ಎಸ್ಟೇಟ್ ಏಜೆಂಟ್. ಅವಳ ಸೊಂಟದಲ್ಲಿ ಇಪ್ಪತ್ತು ಖಾಲಿ ಮನೆಗಳ ಕೀಲಿಗೊಂಚಲು ಸದಾ ತೂಗುತ್ತಿರುತ್ತದೆ. ಅವಳು ಬೀದಿಯ ತಿರುವಿನಲ್ಲಿರುವಾಗಲೇ ಅದರ ಸದ್ದು ಈ ಕಡೆ ಬಂದಿರುತ್ತದೆ, ಅವಳ ಮಾತು ಅದರ ಹಿಂದೆಯೇ.

ಬುಧವಾರ ಆ ಅಂಗಡಿಯ ಕಿಟಕಿಗೆ ಹೊಸ ಪರದೆ ಹಾಕಲು ಟೇಪಮ್ಮ ಸ್ಟೂಲು ಹತ್ತಿ ನಿಂತಿದ್ದಳು. ಕೆಳಗೆ ಒಬ್ಬ ಗಿರಾಕಿ, ನೀವು ಹೇಳ್ತಿರೋ ಮನೆಗೆ ಬಿಸಿಲು ಬರುತ್ತಾ ಅಂತ ಕೇಳಿದ. ಬರದೆ ಏನು, ಧಾರಾಳ ಬರುತ್ತೆ ಅಂದಳು ಗೊಂಚಲಕ್ಕ. ಟೇಪಮ್ಮ ಬಾಯಲ್ಲಿದ್ದ ಕೊಕ್ಕೆಗಳನ್ನು ಅಂಗೈಗೆ ತೆಗೆದುಕೊಂಡು, ಮಲಗೋ ಕೋಣೆಗೆ ಬೆಳಿಗ್ಗೆ ಒಂಬತ್ತರ ತನಕ ಬರುತ್ತೆ, ಹಜಾರಕ್ಕೆ ಎದುರು ಕಟ್ಟಡದ ನೆರಳು, ಅಡುಗೆಮನೆಗೆ ಮಾತ್ರ ಸಂಜೆ ಕಣ್ಣಿಗೆ ಹೊಡೆಯೋ ಹಾಗೆ ಬರುತ್ತೆ ಅಂತ ಹೇಳಿ ಮತ್ತೆ ಕೊಕ್ಕೆಗಳನ್ನು ಬಾಯಿಗಿಟ್ಟುಕೊಂಡಳು. ಗಿರಾಕಿ ಆಮೇಲೆ ಗೊಂಚಲಕ್ಕನ ಕಡೆ ತಿರುಗಿ ನೋಡಲೇ ಇಲ್ಲ. ಇದ್ದಬದ್ದ ಪ್ರಶ್ನೆಯನ್ನೆಲ್ಲ ಸ್ಟೂಲಿನ ಮೇಲಿದ್ದವಳಿಗೇ ಕೇಳಿದ.

ಅವನು ಹೋದದ್ದೇ ಗೊಂಚಲಕ್ಕ ಸ್ಟೂಲಿನ ಕಾಲು ಹಿಡಿದುಕೊಂಡಳು. ತನ್ನ ಮಂಡಿ ಮೆಟ್ಟಿಲು ಹತ್ತುವುದಕ್ಕೆ ಒಪ್ಪುತ್ತಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು, ನೀನೇ ಬಾ ಅಂದಳು. ಶನಿವಾರ ಬೆಳಿಗ್ಗೆ ಒಂದು ಮನೆಯನ್ನು ನೀನೊಬ್ಬಳೇ ತೋರಿಸಿ ನೋಡು, ಸಂಜೆ ಬೋರ್ಡು ಬರೆಯುವವನು ಬರುತ್ತಾನೆ, ಹೊಸ ಬೋರ್ಡಿನಲ್ಲಿ ಒಂದು ಫೋನ್ ನಂಬರು ಬರೆಸಲೋ ಎರಡು ಬರೆಸಲೋ ಅಷ್ಟರಲ್ಲಿ ಹೇಳಿಬಿಡು. ಟೇಪಮ್ಮ ಸ್ಟೂಲಿನಿಂದ ಇಳಿಯುವಾಗ ಒಂದು ಮೆಟ್ಟಿಲು ಕಡಿಮೆ ಇದೆಯೋ ಏನೋ ಅನ್ನುವ ಹಾಗೆ ಇಳಿದಳು.

ಬಂದವಳು ಗಂಡನಿಗೆ ಹೇಳಿದಳು. ಅವನು ಲಿಫ್ಟ್ ಮೆಕ್ಯಾನಿಕ್. ಕೈಗೆ ಮೆತ್ತಿದ ಗ್ರೀಸನ್ನು ಸೋಪಿನಿಂದ ಉಜ್ಜುತ್ತಾ ಪೂರ್ತಿ ಕೇಳಿಸಿಕೊಂಡ.

"ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಕೊಂಡು ಬಾಗಿಲಲ್ಲಿ ನಿಲ್ತಾರಲ್ಲ, ಅಂಥವರಿಂದಲೇ ಕಣೇ ಲಿಫ್ಟ್ ಕೆಡೋದು," ಅಂದ. "ಹತ್ತೋದಾದ್ರೆ ಹತ್ತಿಬಿಡು."

"ಹತ್ತಿದ ಮೇಲೆ ಮಧ್ಯದಲ್ಲಿ ನಿಂತ್ರೆ?"

"ಅದಕ್ಕೇ ಅಲ್ವಾ ನನ್ನ ಕಟ್ಕೊಂಡಿರೋದು."

ಮಗಳಿಗಂತೂ ಹಬ್ಬ ಬಂದಷ್ಟು ಖುಷಿ. ಹೈಸ್ಕೂಲಿನ ಪುಸ್ತಕವನ್ನು ಅತ್ತ ಎಸೆದು, ಅಪ್ಪನ ಕಪ್ಪು ಕನ್ನಡಕ ಏರಿಸಿ, ಅಮ್ಮನ ಬ್ಯಾಗನ್ನೇ ಮೊಳಕೈಗೆ ನೇತುಹಾಕಿಕೊಂಡು ಹೊರಗೆ ಹೋಗಿ ಬೆಲ್ ಒತ್ತಿದಳು. ತಾನು ಗಿರಾಕಿಯಂತೆ, ಈ ಎರಡು ಕೋಣೆಯ ಮನೆ ಮಾರಾಟಕ್ಕಿದೆಯಂತೆ, ತೋರಿಸಬೇಕಂತೆ. ಟೇಪಮ್ಮ ಸೆರಗು ಸರಿಮಾಡಿಕೊಂಡು ಬಾಗಿಲು ತೆರೆದಳು.

"ಬನ್ನಿ, ಬನ್ನಿ. ಬಾಗಿಲನ್ನ ಸ್ವಲ್ಪ ಎತ್ತಿ ತಳ್ಳಬೇಕು, ಇಲ್ಲಾಂದ್ರೆ ಕೆಳಗೆ ಉಜ್ಜುತ್ತೆ."

"ಅಮ್ಮ, ಮೊದಲನೇ ಮಾತೇ ಅದಾ?"

ಎರಡನೇ ಮಾತು ನಲ್ಲಿ ಸೋರುವುದರ ಬಗ್ಗೆ, ಮೂರನೆಯದು ಪಶ್ಚಿಮದ ಗೋಡೆಯ ತೇವದ ಬಗ್ಗೆ. ಗಿರಾಕಿ ಹಣೆ ಹಣೆ ಚಚ್ಚಿಕೊಂಡಳು. ಆದರೆ ಕಿಟಕಿಯ ಹತ್ತಿರ ಬಂದದ್ದೇ ಟೇಪಮ್ಮನ ದನಿ ಬದಲಾಯಿತು. ಬೆಳಗಿನ ಬೆಳಕು ಎಲ್ಲಿಂದ ಹೆಜ್ಜೆ ಇಟ್ಟು ಎಲ್ಲಿಗೆ ಬರುತ್ತದೆ, ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳದ ಹಾಗೆ ಮೇಜನ್ನು ಯಾವ ಮೂಲೆಗೆ ಹಾಕಬೇಕು, ಬಿಸಿಲಿನ ತಿಂಗಳಲ್ಲಿ ಯಾವ ಬಾಗಿಲು ತೆಗೆದರೆ ಗಾಳಿ ಹಜಾರ ದಾಟಿ ಅಡುಗೆಮನೆಯ ತನಕ ಹೋಗುತ್ತದೆ, ಎಲ್ಲ ಹೇಳಿದಳು. ಮಗಳು ಕನ್ನಡಕ ತೆಗೆದು ಮನೆಯನ್ನು ಸುತ್ತ ನೋಡಿ, "ಮಾರೋದು ಬೇಡ ಅಮ್ಮ, ನಾವೇ ಇಟ್ಕೊಳ್ಳೋಣ," ಅಂದಳು.

ನಗದೆ ಇದ್ದವರು ಅತ್ತೆ ಒಬ್ಬರೇ. ಪರದೆಯ ಕೆಳ ಅಂಚಿಗೆ ಕೈಹೊಲಿಗೆ ಹಾಕುವುದು ಅವರ ಪಾಲಿನ ಕೆಲಸ. ಮಗಳು ಓದಲು ಹೋದ ಮೇಲೆ, ದಾರವನ್ನು ಹಲ್ಲಿನಿಂದ ಕತ್ತರಿಸಿ, ತಗ್ಗಿದ ದನಿಯಲ್ಲಿ ಹೇಳಿದರು.

"ಜನ ನಿನ್ನನ್ನ ಮಲಗೋ ಕೋಣೆ ತನಕ ಬಿಟ್ಕೊಳ್ಳೋದು ಯಾಕೆ ಗೊತ್ತಾ? ನೀನು ಮುಚ್ಚೋಕೆ ಬರೋಳು. ಅವಳದ್ದು ತೋರಿಸೋ ಕೆಲಸ. ಮುಚ್ಚಿದ ಕೈಯೇ ತೋರಿಸೋಕೆ ಹೊರಟಿದೆ ಅಂತ ಒಂದ್ಸಲ ಅನ್ನಿಸಿಬಿಟ್ರೆ, ಆಮೇಲೆ ನಿನಗೆ ಯಾರು ಬಾಗಿಲು ತೆಗೀತಾರೆ? ಅದೂ ಹೋಯ್ತು, ಇದೂ ಹೋಯ್ತು."

ಅತ್ತೆ ಹೇಳಿದ್ದು ಯಾವುದರ ಬಗ್ಗೆ ಅಂತ ಟೇಪಮ್ಮನಿಗೆ ಗೊತ್ತಿತ್ತು. ಕಪಾಟಿನಲ್ಲಿ ಅವಳ ಮೂರು ಅಳತೆ ಪುಸ್ತಕಗಳಿದ್ದವು. ಹದಿನಾಲ್ಕು ವರ್ಷ ಅಳೆದ ಒಂದೊಂದು ಕಿಟಕಿಯೂ ಅದರಲ್ಲಿತ್ತು: ಅಗಲ ಎಷ್ಟು, ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಯಾವ ಹೊತ್ತಿಗೆ ಬಿಸಿಲು, ಆ ಕೋಣೆಯಲ್ಲಿ ಯಾರು ಮಲಗುತ್ತಾರೆ, ಯಾರಿಗೆ ಬೆಳಕು ಕಂಡರೆ ನಿದ್ದೆ ಬರುವುದಿಲ್ಲ. ಮನೆ ಬದಲಾಯಿಸುವವರು ಗೊಂಚಲಕ್ಕನಿಗೆ ಹೇಳುವ ಮೊದಲೇ ಟೇಪಮ್ಮನಿಗೆ ಹೇಳುತ್ತಿದ್ದರು. ಈ ಪರದೆ ಆ ಕಿಟಕಿಗೆ ಆಗುತ್ತಾ, ಗಿಡ್ಡ ಮಾಡಿಕೊಡ್ತೀಯಾ ಅಂತ ಕೇಳಲೇಬೇಕಲ್ಲ. ಹೋದ ವಾರ ಸಂಗೀತದ ಟೀಚರ್ ಫೋನ್ ಮಾಡಿ ಅದನ್ನೇ ಕೇಳಿದ್ದರು. ಮನೆ ಮಾರಿ ತಂಗಿಯ ಹತ್ತಿರ ಹೋಗುತ್ತಿದ್ದೇನೆ, ಯಾರಿಗೂ ಬಾಯಿ ಬಿಡಬೇಡ, ಬ್ರೋಕರುಗಳು ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ ಅಂದಿದ್ದರು. ಟೇಪಮ್ಮ ಬಾಯಿ ಬಿಟ್ಟಿರಲಿಲ್ಲ. ಗೊಂಚಲಕ್ಕ ಕರೆದದ್ದು ತನ್ನನ್ನೋ, ಈ ಪುಸ್ತಕಗಳನ್ನೋ? ಅದೊಂದು ಹುಳ ತಲೆಯೊಳಗೆ ಹೊಕ್ಕು ಕೂತಿತು. ಆದರೂ ಎದೆಯೊಳಗಿನ ಕುಣಿತ ನಿಲ್ಲಲಿಲ್ಲ.

ಶನಿವಾರ ಹತ್ತೂವರೆಗೆ ಬರುವ ಗಿರಾಕಿಗಳಿಗೆ ಅವಳು ಒಂಬತ್ತಕ್ಕೇ ಹೋಗಿ ಕೂತಳು. ಮೂರನೇ ಮಹಡಿ, ಹೊಸ ಬಣ್ಣದ ವಾಸನೆ, ದೊಡ್ಡ ದೊಡ್ಡ ಕಿಟಕಿಗಳು. ಬರುವವರು ಔಷಧಿ ಅಂಗಡಿಯ ಗಂಡ ಹೆಂಡತಿ. ಆಗಲೇ ಹನ್ನೊಂದು ಮನೆ ನೋಡಿದ್ದಾರೆ, ಹನ್ನೊಂದನ್ನೂ ಬಾಗಿಲಲ್ಲೇ ನಿಂತು ಬೇಡ ಅಂದಿದ್ದಾರೆ, ಕಾರಣ ಕೇಳಿದರೆ ಕಿಟಕಿ ಸರಿಯಿಲ್ಲ ಅನ್ನುತ್ತಾರೆ, ಇದಕ್ಕಿಂತ ದೊಡ್ಡ ಕಿಟಕಿ ಬೇಕಾದರೆ ಗೋಡೆಯನ್ನೇ ಒಡೆಯಬೇಕು ಅಂತ ಗೊಂಚಲಕ್ಕ ಎಚ್ಚರಿಸಿದ್ದಳು. ಟೇಪಮ್ಮ ಕೋಣೆಯಿಂದ ಕೋಣೆಗೆ ಓಡಾಡುತ್ತಾ ಹೇಳಬೇಕಾದ ಮಾತನ್ನು ಗೋಡೆಗಳಿಗೆ ಹೇಳಿ ನೋಡಿದಳು. ನಗು ಎಷ್ಟು ನಗಬೇಕು ಅನ್ನುವುದನ್ನೂ ಅಭ್ಯಾಸ ಮಾಡಿದಳು. ಇನ್ನೂ ಒಂದು ಗಂಟೆ ಉಳಿದಿತ್ತು. ಹಜಾರದ ಕಿಟಕಿ ಪರದೆಯಿಲ್ಲದೆ ಬೋಳಾಗಿ ಎದುರಿಗೆ ನಿಂತಿತ್ತು. ಬಣ್ಣ ಬಳಿಯುವವರು ಬಿಟ್ಟುಹೋದ ಸ್ಟೂಲು ಪಕ್ಕದಲ್ಲೇ ಇತ್ತು. ಕೈ ತನ್ನಷ್ಟಕ್ಕೆ ಕೊರಳ ಟೇಪಿಗೆ ಹೋಯಿತು.

ಗಂಡ ಹೆಂಡತಿ ಹತ್ತು ನಿಮಿಷ ಮುಂಚೆ ಬಂದರು. ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು, ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಿಟಕಿ ಅಳೆಯುತ್ತಿದ್ದಳು.

"ಆಗ್ಲೇ ಹೋಯ್ತಲ್ಲ ರೀ ಈ ಮನೆ," ಅಂದಳು ಹೆಂಡತಿ. "ಪರದೆಗೆ ಅಳತೆ ತಗೋತಿದ್ದಾರೆ ನೋಡಿ."

ಪೆನ್ಸಿಲು ಕಚ್ಚಿದ ಬಾಯಿಂದ ಟೇಪಮ್ಮನಿಗೆ ಮಾತು ಹೊರಡಲಿಲ್ಲ. ಇಳಿದು, ಟೇಪು ಸುತ್ತಿ, ಚಪ್ಪಲಿ ಹುಡುಕಿ ಮೆಟ್ಟುವಷ್ಟರಲ್ಲಿ ಲಿಫ್ಟು ಅವರನ್ನು ತುಂಬಿಕೊಂಡು ಇಳಿದೇ ಬಿಟ್ಟಿತು. ಲಿಫ್ಟ್ ಮೆಕ್ಯಾನಿಕ್ಕಿನ ಹೆಂಡತಿ ಮೂರು ಮಹಡಿಯನ್ನು ಮೆಟ್ಟಿಲಲ್ಲೇ ಇಳಿದು, ಉಸಿರು ಮೇಲೆ ಕೆಳಗೆ ಆಗುತ್ತಾ, ಹೊರಟು ನಿಂತ ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

ನಾನು ಮನೆ ತಗೊಂಡವಳಲ್ಲ, ತೋರಿಸೋಕೆ ಬಂದವಳು, ಕೈ ಚಾಳಿ ನೋಡಿ, ಬೋಳು ಕಿಟಕಿ ಕಂಡ್ರೆ ಸುಮ್ಮನಿರಲ್ಲ ಅಂತ ಏದುಸಿರಿನಲ್ಲಿ ಹೇಳಿ ಮುಗಿಸಿದಳು. ಗಂಡ ಹೆಂಡತಿ ಇಬ್ಬರೂ ನಕ್ಕುಬಿಟ್ಟರು. ಆದರೆ ಹೆಂಡತಿ ತಲೆ ಆಡಿಸಿ, ಮನೆ ಹೋಗಿರದಿದ್ದರೂ ಅದು ತಮಗೆ ಬೇಡ, ಕಿಟಕಿ ಬಾಗಿಲಿಂದಲೇ ಕಂಡಿತು ಅಂದಳು.

ಅಷ್ಟರಲ್ಲಿ ಟೇಪಮ್ಮನ ಕಣ್ಣು ಕಾರಿನ ಮುಂದಿನ ಸೀಟಿಗೆ ಹೋಗಿತ್ತು. ಅಲ್ಲಿ ಒಬ್ಬ ಮುದುಕ ಕೂತಿದ್ದ. ಬಲಗೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು, ಮೈ ಸೀಟಿನೊಳಗೆ ಕುಸಿದಿತ್ತು. ಕಣ್ಣು ಮಾತ್ರ ಅರ್ಧ ಇಳಿಸಿದ ಗಾಜಿನಾಚೆ, ರಸ್ತೆಯಲ್ಲಿ ಹೋಗುವ ಒಂದೊಂದು ಚಕ್ರದ ಹಿಂದೆಯೂ ಓಡುತ್ತಿತ್ತು. ಹೆಂಡತಿ ಟೇಪಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದಳು. ಇವರು ನಮ್ಮ ಮಾವ. ನಲವತ್ತು ವರ್ಷ ರಸ್ತೆಬದಿಯಲ್ಲಿ ಮಣೆ ಹಾಕಿಕೊಂಡು ಸೈಕಲ್ ರಿಪೇರಿ ಮಾಡಿದವರು. ಮೈಗೆ ಲಕ್ವ ಹೊಡೆದ ಮೇಲೆ ಕುರ್ಚಿಯೇ ಗತಿ. ಬೀದಿ ಕಾಣದಿದ್ದರೆ ಅನ್ನ ಮುಟ್ಟುವುದಿಲ್ಲ. ದಿನಾ ಸಂಜೆ ಎರಡು ಗಂಟೆ ನಿಂತ ಕಾರಿನಲ್ಲೇ ಕೂರಿಸುತ್ತೇವೆ.

"ದೊಡ್ಡ ಕಿಟಕಿ ಇರಬೇಕು ಅಂತ ಹೇಳಿದ್ವಿ, ಅವರು ದೊಡ್ಡದೇ ತೋರಿಸ್ತಿದ್ದಾರೆ. ಆದ್ರೆ ಮಾವನ್ನ ಕೂರಿಸಿದ್ರೆ ಕಾಣೋದು ಆಕಾಶ. ನಮ್ಮ ಮಾವನಿಗೆ ಆಕಾಶ ತಗೊಂಡು ಏನಾಗ್ಬೇಕು?"

ಟೇಪಮ್ಮ ಕೊರಳಿನ ಟೇಪು ತೆಗೆದಳು. ಕಾರಿನ ಬಾಗಿಲಿಗೆ ಹೋಗಿ ಬಗ್ಗಿದಳು.

"ಯಜಮಾನ್ರೇ, ಒಂದು ಅಳತೆ ತಗೊಳ್ಲಾ?"

ಮುದುಕನ ಮಾತು ಒಂದು ಕಡೆಗೆ ಎಳೆದು ಬಂತು. "ನನಗೆ ಪರದೆ ಹಾಕ್ತೀಯೇನಮ್ಮ?"

"ಪರದೆ ಅಲ್ಲ. ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆ ನೋಡ್ಬೇಕು."

ಸೀಟಿನಿಂದ ಕಣ್ಣಿಗೆ ಎರಡು ಅಡಿ. ಕಣ್ಣಿನಿಂದ ಕಾರಿನ ಗಾಜಿನ ಕೆಳ ಅಂಚಿಗೆ ಹದಿನಾಲ್ಕು ಇಂಚು ಇಳಿತ. ಮನೆಯ ಕುರ್ಚಿ ಎಷ್ಟು ಎತ್ತರ ಅಂತ ಕೇಳಿದಳು. ಒಂದೂವರೆ ಅಡಿ ಅಂದರು. ಕಾರಿನ ಬಾನೆಟ್ಟಿನ ಮೇಲೆ ಚೀಟಿ ಇಟ್ಟು ಕೂಡಿ ಕಳೆದಳು. ಕಿಟಕಿ ನೆಲದಿಂದ ಎರಡು ಅಡಿ ನಾಲ್ಕು ಇಂಚಿಗಿಂತ ಮೇಲೆ ಶುರುವಾಗಬಾರದು, ಮನೆ ಕೆಳಗಿನ ಅಂತಸ್ತಿನಲ್ಲಿರಬೇಕು, ಬೀದಿಗೆ ಮುಖ ಮಾಡಿರಬೇಕು. ಅವಳು ಅಳೆದ ನೂರಾರು ಕಿಟಕಿಗಳಲ್ಲಿ ಮುಕ್ಕಾಲು ಪಾಲು ಮೂರು ಅಡಿಗೇ ಶುರು. ಆದರೆ ಒಂದು ಇತ್ತು. ಎರಡನೇ ಪುಸ್ತಕ, ನೀಲಿ ರಟ್ಟು, ಮಧ್ಯದ ಹಾಳೆ. ನೆಲದಿಂದ ಒಂದೂವರೆ ಅಡಿ. ಪುಸ್ತಕ ಚೀಲದಲ್ಲೇ ಇದ್ದರೂ ತೆರೆದು ನೋಡುವ ಅಗತ್ಯವಿರಲಿಲ್ಲ.

ಸಂಗೀತದ ಟೀಚರ ಮನೆ.

ಕೀಲಿಗಳ ಸದ್ದು ಮೊದಲು ಬಂತು, ಹಿಂದಿನಿಂದ ಗೊಂಚಲಕ್ಕ. ಬೇರೆ ಮನೆ ತೋರಿಸಿ ಮುಗಿಸಿ, ಇಲ್ಲೇನಾಯಿತು ನೋಡೋಣ ಅಂತ ಬಂದಿದ್ದಳು. ವಿಷಯ ಕೇಳಿದವಳೇ ಮಂಡಿ ನೋವು ಮರೆತು ಟೇಪಮ್ಮನ ತೋಳು ಹಿಡಿದಳು. ಯಾವ ಮನೆ, ಯಾವ ಬೀದಿ, ವಿಳಾಸ ಹೇಳು, ಉಳಿದದ್ದು ನಾನು ನೋಡ್ಕೋತೀನಿ ಅಂದಳು. ಅವರನ್ನು ಒಂದು ಮಾತು ಕೇಳಬೇಕು ಅಂದಳು ಟೇಪಮ್ಮ. ಕೇಳುತ್ತಾ ಕೂತರೆ ಮನೆ ಬೇರೆಯವರ ಪಾಲಾಗುತ್ತದೆ, ಈ ಕೆಲಸದಲ್ಲಿ ಅರ್ಧ ಗಂಟೆ ಅಂದರೆ ಅರ್ಧ ವರ್ಷ ಅಂತ ಗೊಂಚಲಕ್ಕ ತೋಳು ಬಿಡಲಿಲ್ಲ. ಔಷಧಿ ಅಂಗಡಿಯ ಗಂಡ ಹೆಂಡತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಂದು ವಿಳಾಸ ಬಾಯಿಂದ ಉದುರಿದರೆ ಸಾಕು, ಬೋರ್ಡಿನಲ್ಲಿ ನಂಬರು ಬಂದ ಹಾಗೇ. ಅದು ನಾಲಿಗೆಯ ತುದಿಗೆ ಬಂದೂ ಇತ್ತು.

"ಅವರನ್ನ ಕೇಳದೆ ನಿಮಗೂ ಹೇಳಲ್ಲ ಅಕ್ಕ," ಅಂದಳು ಟೇಪಮ್ಮ. "ಬೋರ್ಡಿನಲ್ಲಿ ನನ್ನ ನಂಬರು ಬರದಿದ್ರೂ ಪರವಾಗಿಲ್ಲ."

ಅವಳು ಗೋಡೆಯ ಮರೆಗೆ ಹೋಗಿ ಟೀಚರಿಗೆ ಫೋನ್ ಮಾಡಿದಳು. ಆ ಕಡೆ ಯಾರೋ ಪಾಠ ಹೇಳಿಸಿಕೊಳ್ಳುತ್ತಿದ್ದ ಸ್ವರ ಕೇಳುತ್ತಿತ್ತು. ಟೇಪಮ್ಮ ಸುತ್ತಿ ಬಳಸಿ ಏನೂ ಹೇಳಲಿಲ್ಲ. ಸೈಕಲ್ ರಿಪೇರಿಯ ಮುದುಕನ ಬಗ್ಗೆ ಹೇಳಿದಳು, ನಿಂತ ಕಾರಿನ ಬಗ್ಗೆ ಹೇಳಿದಳು, ಎರಡು ಅಡಿ ನಾಲ್ಕು ಇಂಚಿನ ಬಗ್ಗೆ ಹೇಳಿದಳು. ಅವರ ಮನೆಯ ಬಗ್ಗೆ ಇನ್ನೂ ಯಾರಿಗೂ ಹೇಳಿಲ್ಲ ಅನ್ನುವುದನ್ನೂ ಹೇಳಿದಳು. ಆ ಕಡೆ ಸ್ವರ ನಿಂತಿತು.

"ಬ್ರೋಕರ್ ಆಗಿ ಕೇಳ್ತಿದ್ದೀಯಾ, ಟೇಪಮ್ಮ ಆಗಿ ಕೇಳ್ತಿದ್ದೀಯಾ?" ಅಂದರು ಟೀಚರ್.

"ನನಗೇ ಇನ್ನೂ ಗೊತ್ತಿಲ್ಲ ಮೇಡಂ. ನೀವು ಬೇಡ ಅಂದ್ರೆ ಪುಸ್ತಕ ಮುಚ್ತೀನಿ. ನಿಮ್ಮ ಪರದೆ ಬುಧವಾರಕ್ಕೆ ರೆಡಿ ಇರುತ್ತೆ, ಅದರಲ್ಲೇನೂ ವ್ಯತ್ಯಾಸ ಇಲ್ಲ."

ಟೇಪಮ್ಮ ಟೇಪಿನ ತುದಿಯ ತಗಡನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ನಾಲ್ಕು ಗಂಟೆಗೆ ಪಾಠ ಮುಗಿಯುತ್ತೆ. ಅವರನ್ನ ಕರ್ಕೊಂಡು ಬಾ. ಬೇರೆ ದಂಡು ಬೇಡ."

ಗೊಂಚಲಕ್ಕ ಆ ದಂಡಿನಲ್ಲಿ ತಾನೂ ಸೇರಿದ್ದೇನೆ ಅಂತ ತಿಳಿದು ಮೂಗು ಮುರಿದಳು. ಆದರೂ ಮಧ್ಯಾಹ್ನ ಕಾರು ಹೊರಡುವಾಗ ಟೇಪಮ್ಮನ ಕೈಗೆ ನೀರಿನ ಬಾಟಲಿ ತುರುಕಿ, ಒಳಗೆ ಹೋದ ತಕ್ಷಣ ಬಾಗಿಲು ಉಜ್ಜುತ್ತೆ, ನಲ್ಲಿ ಸೋರುತ್ತೆ ಅಂತ ಶುರು ಹಚ್ಚಬೇಡ ತಾಯಿ ಅಂದಳು. ಬುಧವಾರದ ಕಥೆ ಅವಳಿಗೆ ಟೇಪಮ್ಮನ ಮಗಳ ಬಾಯಿಂದ ಆಗಲೇ ತಲುಪಿತ್ತು.

ನಾಲ್ಕು ಗಂಟೆಗೆ ಟೀಚರ ಹಜಾರದಲ್ಲಿ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿದರು. ಟೇಪಮ್ಮ ತಾನೇ ಹೊಲಿದ ಪರದೆಯನ್ನು ತಾನೇ ಎರಡೂ ಕಡೆಗೆ ಸರಿಸಿದಳು. ಎಷ್ಟೋ ಪರದೆಗಳನ್ನು ಎಳೆದು ಮುಚ್ಚಿ, ನೆರಿಗೆ ಸರಿಯಾಗಿ ಬಿತ್ತಾ ಅಂತ ನೋಡಿದ್ದಳು. ಸರಿಸಿದ ಮೇಲೆ ಕೂತವರ ಮುಖ ಏನಾಗುತ್ತದೆ ಅಂತ ನೋಡುತ್ತಾ ನಿಂತದ್ದು ಇದೇ ಮೊದಲು. ಸಂಜೆಯ ಬೀದಿ ಪೂರ್ತಿ ಕಿಟಕಿಯೊಳಗೆ ಬಂದಿತ್ತು. ಮುದುಕನ ಕಣ್ಣು ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಓಡುತ್ತಿತ್ತು. ಮಗ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ, ಸೊಸೆ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು.

"ಆ ಸೈಕಲ್ಲಿನ ಹಿಂದಿನ ಚಕ್ರ ಓಲಾಡ್ತಿದೆ," ಅಂದ ಮುದುಕ ಕೊನೆಗೆ. "ಕರೆದು ಹೇಳ್ರೋ ಅವನಿಗೆ. ಬೀಳ್ತಾನೆ."

ಮಗ ನಿಜವಾಗಿಯೂ ಹೊರಗೆ ಓಡಿದ. ಸೊಸೆ ಟೀಚರ ಕಡೆ ತಿರುಗಿ, ಹಿಂದಿನ ಕೋಣೆಗಳನ್ನೂ ನೋಡಬಹುದಾ ಅಂತ ಕೇಳಿದಳು. ಹನ್ನೊಂದು ಮನೆಗಳಲ್ಲಿ ಬಾಗಿಲು ದಾಟದವಳು ಈಗ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆಗೆದು ನೋಡತೊಡಗಿದಳು. ಟೇಪಮ್ಮ ಹಿಂದೆ ಹಿಂದೆಯೇ ಹೋಗಿ, ಸಂಜೆ ಐದರ ಮೇಲೆ ಇಲ್ಲಿ ಒಲೆಯ ಮುಂದೆ ಬಿಸಿಲು ಕಣ್ಣಿಗೆ ಬೀಳುತ್ತೆ ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅದಕ್ಕೇನು, ನೀವಿದ್ದೀರಲ್ಲ," ಅಂದಳು ಸೊಸೆ. "ಒಂದು ಪರದೆ ಹಾಕಿಕೊಡಿ."

ಸೋಮವಾರ ಮತ್ತೆ ಕೂತು ಮಾತಾಡುವುದು ಅಂತಾಯಿತು. ಹೊರಡುವಾಗ ಟೀಚರ್ ಬಾಗಿಲ ತನಕ ಬಂದು, ತಮ್ಮ ಗೆಳತಿಯೊಬ್ಬಳೂ ಮನೆ ಬಿಡುವವಳಿದ್ದಾಳೆ, ಅವಳಿಗೆ ಟೇಪಮ್ಮನ ನಂಬರು ಕೊಡಲಾ ಅಂತ ಕೇಳಿದರು. ಅಲ್ಲಿಂದ ಗೊಂಚಲಕ್ಕನ ಅಂಗಡಿಗೆ ಹದಿನೈದು ನಿಮಿಷದ ನಡಿಗೆ. ಟೇಪಮ್ಮ ಅದನ್ನು ಏಳರಲ್ಲಿ ಮುಗಿಸಿದಳು.

ಅಂಗಡಿಯ ಮುಂದೆ ಬೋರ್ಡು ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿತ್ತು. ಬೋರ್ಡು ಬರೆಯುವವನು ಕುಂಚ ನೆನೆಸಿಟ್ಟು ಕಾಯುತ್ತಿದ್ದ. ಪಕ್ಕದ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ತರಕಾರಿಗೆ ಅಂತ ಬಂದವರಂತೆ, ಕಾಲು ನೋವು ಅಂತ ಕೂತವರಂತೆ. ತರಕಾರಿ ಚೀಲ ಖಾಲಿ ಇತ್ತು.

ಟೇಪಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅತ್ತೆ, ಮೊದಲು ಕೇಳಿದೆಯೋ, ಹೇಳಿ ಆಮೇಲೆ ಕೇಳಿದೆಯೋ ಅನ್ನುವುದನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಗೊಂಚಲಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, ಈಗಲಾದರೂ ಬಾಯಿ ಬಿಡು, ನನ್ನ ಜೊತೆ ಬರುತ್ತೀಯೋ ಇಲ್ಲವೋ ಅಂದಳು.

"ಬರ್ತೀನಿ," ಅಂದಳು ಟೇಪಮ್ಮ. "ಆದ್ರೆ ನನ್ನ ಪುಸ್ತಕ ಈ ಅಂಗಡಿಗೆ ಬರಲ್ಲ ಅಕ್ಕ. ಅದು ಮನೇಲಿ, ಅತ್ತೆ ಹತ್ರ ಇರುತ್ತೆ. ಯಾರದ್ದಾದ್ರೂ ಕಿಟಕಿ ನನಗೆ ನೆನಪಾದ್ರೆ, ಮೊದಲು ಅವರನ್ನ ಕೇಳ್ತೀನಿ. ಆಮೇಲೆ ನಿಮಗೆ."

ಗೊಂಚಲಕ್ಕ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಗೊಂಚಲಿನಿಂದ ಐದಾರು ಕೀಲಿ ಬಿಚ್ಚಿ ಅವಳ ಅಂಗೈಗೆ ಹಾಕಿ, ಮೆಟ್ಟಿಲಿರೋ ಮನೆಗಳೆಲ್ಲ ನಿನಗೇ ಅಂದಳು. ಅತ್ತೆ ಸೊಸೆಯ ಚೀಲದಿಂದ ನೀಲಿ ರಟ್ಟಿನ ಪುಸ್ತಕವನ್ನು ತೆಗೆದು, ತಮ್ಮ ತರಕಾರಿ ಚೀಲಕ್ಕೆ ಇಳಿಸಿಕೊಂಡರು.

ಬೋರ್ಡು ಬರೆಯುವವನು ತಲೆ ಕೆರೆದುಕೊಂಡ. ಒಂದೇ ನಂಬರು ಅಂದುಕೊಂಡು ಸೀಮೆಸುಣ್ಣದ ಗೆರೆ ಎಳೆದಾಗಿದೆ, ಕೆಳಗೆ ಎರಡನೆಯದಕ್ಕೆ ಜಾಗ ಸಾಲುವುದಿಲ್ಲ ಅಂದ. ಟೇಪಮ್ಮ ಆಗಲೇ ಬಗ್ಗಿ ಟೇಪು ಹಾಸಿದ್ದಳು. ಮೇಲಿನ ಗೆರೆಯನ್ನು ಒಂದೂಕಾಲು ಇಂಚು ಎತ್ತಿ, ಎರಡೂ ಹಿಡಿಸುತ್ತೆ ಅಂದಳು. ಅವನು ಗೆರೆ ಅಳಿಸಿ ಹೊಸದು ಎಳೆದ, ಕುಂಚವನ್ನು ಬಣ್ಣದಲ್ಲಿ ಅದ್ದಿದ.

"ಹೇಳಿ ನಂಬರು."

ಟೇಪಮ್ಮ ಬಾಯಿ ತೆರೆದಳು. ಎರಡು ಅಡಿ ನಾಲ್ಕು ಇಂಚು ನೆನಪಿತ್ತು. ಹದಿನಾಲ್ಕು ವರ್ಷದ ಕಿಟಕಿಗಳೆಲ್ಲ ನೆನಪಿದ್ದವು. ಅಂಗೈಯಲ್ಲಿ ಕೀಲಿಗಳು ಬೆವರಿನಿಂದ ಒದ್ದೆಯಾಗಿದ್ದವು. ತನ್ನ ಫೋನ್ ನಂಬರು ಮಾತ್ರ ಏನು ಮಾಡಿದರೂ ತಲೆಗೆ ಬರಲಿಲ್ಲ.

ಬೆಂಚಿನ ಮೇಲಿಂದ ಅತ್ತೆ ಒಂದೊಂದೇ ಅಂಕಿ ಹೇಳತೊಡಗಿದರು. ನಾಲ್ಕು ಅಂಕಿ ಆದ ಮೇಲೆ ನಿಲ್ಲಿಸಿ, ಕನ್ನಡಕದ ಮೇಲಿಂದ ಅವನ ಕೈಯನ್ನು ನೋಡಿದರು.

"ನಿಧಾನಕ್ಕೆ ಬರೀಪ್ಪ. ತಪ್ಪಾದ್ರೆ ಬಿಚ್ಚಿ ಹಾಕೋಕೆ ಇದು ಹೊಲಿಗೆ ಅಲ್ಲ."